ಎರಡು ಕಾರ್ಡಿನ ಚೀಟಿ

ನಮ್ಮ ಯಜಮಾನರು ಇಪ್ಪತ್ತನಾಲ್ಕು ವರ್ಷದಿಂದ ಒಂದೇ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುತ್ತಾರೆ. ಅಲ್ಲಿ ಅವರಿಗೆ ‘ಒಂದೇ ಸಾಕಪ್ಪ’ ಎಂದು ಅಡ್ಡಹೆಸರು. ಗೇಮ್ ಆಡುವವರು ಯಾರಾದರೂ ಬಂದು, ಚಿತ್ರ ಚೆನ್ನಾಗಿ ಮೂಡಲಿ ಎಂದು ಒಂದೇ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡಿ ಎಂದರೆ ಸಾಕು, ಇವರು ಸ್ಕ್ರೂಡ್ರೈವರ್ ಕೆಳಗಿಟ್ಟು ಪಾಠ ಶುರು ಮಾಡುತ್ತಾರೆ. ಈಗಿನ ಆಟಗಳು ಎರಡನೆಯ ಕಾರ್ಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅದು ಸುಮ್ಮನೆ ಕರೆಂಟು ತಿಂದು ಪೆಟ್ಟಿಗೆ ಬಿಸಿ ಮಾಡುತ್ತದೆ, ಆ ದುಡ್ಡಿಗೆ ಒಂದೇ ಒಳ್ಳೆಯದನ್ನು ಹಾಕಿಸಿಕೊಳ್ಳಿ ಎಂದು. ಮಾತು ನಿಜವೇ. ಆದರೆ ಅದನ್ನೇ ದಿನಕ್ಕೆ ನಾಲ್ಕು ಸಲ ಹೇಳಿ ಹೇಳಿ, ಮನೆಗೆ ಬರುವಷ್ಟರಲ್ಲಿ ಬಾಯಲ್ಲಿ ಮಾತೇ ಉಳಿದಿರುವುದಿಲ್ಲ. ಚಪ್ಪಲಿ ಬಿಟ್ಟು, ಸೊಂಟ ಹಿಡಿದುಕೊಂಡು ಗೋಡೆಗೊರಗಿ ಕೂತರೆ ಮುಗಿಯಿತು. ಭಾನುವಾರವೂ ಮುಂದೆ ಯಾರದೋ ಕೆಟ್ಟ ಪೆಟ್ಟಿಗೆ ಬಿಚ್ಚಿಕೊಂಡಿರುತ್ತದೆ.

ಮಗಳಿಗೆ ಕೆಲಸ ಸಿಕ್ಕ ಸುದ್ದಿ ಅವರಿಗೆ ಗೊತ್ತಾಗದೇ ಹೋದದ್ದು ಹೀಗೆ. ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂತು ಹೋಗಬೇಕಾದ ಊರು, ಅಲ್ಲೊಂದು ಆಸ್ಪತ್ರೆ, ಎಕ್ಸ್‌ರೇ ವಿಭಾಗ. ಬೇಕೆಂದು ಮುಚ್ಚಿಟ್ಟದ್ದಲ್ಲ. ಇವತ್ತು ಸುಸ್ತಾಗಿದ್ದಾರೆ, ನಾಳೆ ಹೇಳೋಣ ಎಂದುಕೊಂಡೆವು. ನಾಳೆಯೂ ಸುಸ್ತಾಗಿರುತ್ತಿದ್ದರು. ಎರಡು ತಿಂಗಳು ಹಾಗೇ ಕಳೆಯಿತು. ತಪ್ಪು ನನ್ನದೂ ಇದೆ. ನೆಮ್ಮದಿಯಾಗಿ ನಾಲ್ಕು ತುತ್ತು ಉಣ್ಣಲಿ ಎಂದು, ಮಗಳು ಬಾಯಿ ತೆರೆದಾಗಲೆಲ್ಲ ನಾನೇ ಕಣ್ಸನ್ನೆ ಮಾಡಿ ತಡೆಯುತ್ತಿದ್ದೆ.

ನಮ್ಮ ಮಗ ಮಗಳು, ಅಣ್ಣ ತಂಗಿ ಇಬ್ಬರೂ, ಚಿಕ್ಕಂದಿನಿಂದ ಒಂದೇ ಹಳೆಯ ಕಂಪ್ಯೂಟರಿನ ಮುಂದೆ ಕಿತ್ತಾಡಿಕೊಂಡು ಆಡಿದವರು. ಈಗ ಹಳೆಯದನ್ನು ಅವಳು ಒಯ್ಯುವುದು, ಇವನು ಹೊಸದು ಮಾಡಿಸಿಕೊಳ್ಳುವುದು, ಎರಡಕ್ಕೂ ಒಂದೇ ಥರದ ಕಾರ್ಡು ಹಾಕಿಸಿ ಎರಡು ಊರಿನಿಂದ ಒಟ್ಟಿಗೆ ಆಡುವುದು ಎಂದು ಮಾತಾಡಿಕೊಂಡಿದ್ದರು. ಇಬ್ಬರೂ ಕೂಡಿಸಿಟ್ಟ ದುಡ್ಡಿತ್ತು. ಸಾಮಾನಿನ ಚೀಟಿ ಬರೆದರು. ಅದರಲ್ಲಿ ಕಾರ್ಡು ಎರಡು.

"ಎರಡ್ಯಾಕೆ ಅಂತ ಅಪ್ಪ ಕೇಳೇ ಕೇಳ್ತಾರೆ. ಆಗ ಹೇಳ್ಬಿಡ್ತೀನಿ," ಎಂದಳು ಮಗಳು.

ಅವರು ಕೇಳಲಿಲ್ಲ. ಚೀಟಿ ಕೈಗೆ ಬಂದದ್ದೇ ತಡ, ಎರಡೂ ಒಂದೇ ಪೆಟ್ಟಿಗೆಗೆ ಎಂದುಕೊಂಡು ಅಂಗಡಿಯ ಪಾಠ ಶುರು ಮಾಡಿದರು. ಕರೆಂಟು, ಬಿಸಿ, ಎಲ್ಲ.

"ಅಪ್ಪಾ, ಒಂದ್ನಿಮಿಷ..."

"ಏನು ಒಂದ್ನಿಮಿಷ? ನಾನು ನೋಡದೇ ಇರೋ ಕಾರ್ಡಾ ಇವೆಲ್ಲ? ಒಂದೇ ಸಾಕು ಸುಮ್ನಿರಮ್ಮ."

ಎರಡನೆಯದನ್ನು ಗೀಚಿ ಹಾಕಿ ಚೀಟಿ ಜೇಬಿಗಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆದರೂ ಮೊದಲು ಉಣ್ಣಲಿ ಎಂದು ತಟ್ಟೆ ಹಾಕಿದೆ. ಮಗಳು ಎದ್ದು ಒಳಗೆ ಹೋದಳು.

ಶನಿವಾರ ಸಂಜೆ ಹೊಸ ಕಂಪ್ಯೂಟರ್ ತಂದರು. ಎರಡರ ದುಡ್ಡಿಗೆ ಒಂದೇ ದೊಡ್ಡ ಕಾರ್ಡು. ಸೀಲು ಒಡೆದು ಕೂರಿಸಿಯೂ ಆಗಿತ್ತು, ಇನ್ನು ಅದನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

"ಹತ್ತು ವರ್ಷ ಇಬ್ರೂ ಆಡ್ಕೊಂಡಿರಿ, ಏನೂ ಆಗಲ್ಲ," ಎಂದರು.

ಮಗ ತಲೆ ತಗ್ಗಿಸಿದ. ಮಗಳೇ ಹೇಳಿದಳು. "ಅಪ್ಪಾ, ನಂಗೆ ಕೆಲಸ ಸಿಕ್ಕಿದೆ. ಸೋಮವಾರ ಹೋಗ್ತಿದೀನಿ. ಇನ್ನೊಂದು ಕಾರ್ಡು ನಂಗೆ ಅಂತ ಬರೆದಿದ್ವಿ."

ಅವರು ನನ್ನ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತಾ?"

"ಎರಡು ತಿಂಗಳಾಯ್ತು," ಎಂದೆ.

"ನಂಗ್ಯಾಕೆ ಯಾರೂ ಹೇಳಲಿಲ್ಲ?"

"ಯಾವಾಗ ಹೇಳೋದಪ್ಪಾ?" ಎಂದಳು ಮಗಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳುವ ಹಾಗೆ.

ಅವರು ಕೂತಲ್ಲಿಂದ ಎದ್ದು ಆ ದೊಡ್ಡ ಕಾರ್ಡನ್ನು ಬಿಚ್ಚಿ ಅವಳಿಗೆ ಕೊಡಲು ಹೋದರು. ಅದು ಹಳೆಯ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ ಎಂಬುದು ಅವರಿಗೇ ಹೊಳೆದು ಕೈ ನಿಂತಿತು.

ಸೋಮವಾರ ಅವಳನ್ನು ಬಸ್ಸು ಹತ್ತಿಸಬೇಕಿತ್ತು. ಅಂಗಡಿಯ ಮಾಲೀಕರು ರಜ ಕೊಡುವವರಲ್ಲ ಎಂದು ಮಗಳು ಹುಟ್ಟಿದ ಮಾರನೇ ದಿನವೇ ಕೆಲಸಕ್ಕೆ ಹೋದ ಮನುಷ್ಯ ಇವರು. ಭಾನುವಾರ ಬೆಳಿಗ್ಗೆ ಹೆದರಿಕೊಂಡೇ ಫೋನು ಮಾಡಿದರು. ಮಾಲೀಕರ ದನಿ ನನಗೂ ಕೇಳಿಸಿತು. "ಅಯ್ಯೋ, ಹೋಗಿ ಬನ್ನಿ, ಅದಕ್ಕೇನು? ನೀವು ಯಾವತ್ತಾದ್ರೂ ರಜ ಕೇಳಿದ್ದಿದ್ಯಾ?"

ಫೋನು ಕೆಳಗಿಟ್ಟರು.

"ಕೇಳಿದ್ರೆ ಕೊಡ್ತಿದ್ರು ಕಣೇ," ಎಂದರು. ಅದನ್ನೇ ಇನ್ನೊಂದು ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಅತ್ತರು.