ಟ್ರಂಕಿನೊಳಗಿನ ನವಿಲು

ಹುಸೇನನ ಮನೆಯ ಗುಲಾಬದಾನಿಯನ್ನು ಬಚ್ಚಿಟ್ಟವನು ನಾನು. ಅದನ್ನು ಹುಡುಕಿಕೊಟ್ಟ ಪುಣ್ಯಾತ್ಮ ಎಂದು ಊರಲ್ಲಿ ಹೊಗಳಿಸಿಕೊಂಡವನೂ ನಾನೇ. ಮೊದಲನೆಯದನ್ನು ಆಸೆ ಎನ್ನೋಣ — ಎರಡನೆಯದಕ್ಕೆ ಏನು ಹೆಸರಿಡಬೇಕೋ ಇಂದಿಗೂ ತಿಳಿದಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮದು ಹತ್ತಿ ವ್ಯಾಪಾರ. ಆದರೆ ನನ್ನ ಜೀವವೆಲ್ಲ ಹಳೆಯ ಮೀನಾಕಾರಿ ಸಾಮಾನಿನ ಮೇಲೆ — ಬೆಳ್ಳಿ, ತಾಮ್ರದ ಮೇಲೆ ಬಣ್ಣದ ಗಾಜು ಕರಗಿಸಿ ಹೂಬಳ್ಳಿ ಮೂಡಿಸಿದ ಡಬ್ಬಿ, ತಟ್ಟೆ, ಅತ್ತರದಾನಿ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪು ಹೋದೀತೆಂದು ಹೆಂಡತಿಗೂ ಅವನ್ನು ಮುಟ್ಟಗೊಡುತ್ತಿರಲಿಲ್ಲ. ಈ ಹುಚ್ಚಿನಲ್ಲಿ ನನಗೆ ಜೊತೆಯಾದವನು ಅತ್ತರು ಮಾರುವ ಹುಸೇನ, ಚಿಕ್ಕಂದಿನ ಗೆಳೆಯ.

ಅವನ ತಾಯಿ ತವರಿನಿಂದ ಗುಲಾಬಿನೀರು ಚಿಮುಕಿಸುವ ಬೆಳ್ಳಿಯ ಜೋಡಿ ಗುಲಾಬದಾನಿ ತಂದಿದ್ದರು. ಒಂದೊಂದರ ಹೊಟ್ಟೆಯ ಮೇಲೆ ಒಂದೊಂದು ನೀಲಿ ನವಿಲು. ಒಂದು ಎಡಕ್ಕೆ ನೋಡುತ್ತದೆ, ಇನ್ನೊಂದು ಬಲಕ್ಕೆ. ಸರಿಯಾಗಿ ಜೋಡಿಸಿಟ್ಟರೆ ಎದುರುಬದುರು. ಗಂಡುಮಕ್ಕಳಿಬ್ಬರೂ ಬೇರೆಯಾದಾಗ ಒಬ್ಬೊಬ್ಬರಿಗೆ ಒಂದೊಂದು ಬಂತು. ಹುಸೇನನ ಅಣ್ಣ ತನ್ನ ಪಾಲಿನದನ್ನು ಯಾರಿಗೋ ಮಾರಿ ಊರು ಬಿಟ್ಟ.

ಅದು ನನ್ನ ಕಣ್ಣಿಗೆ ಬಿದ್ದದ್ದು ಧಾರವಾಡದ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ. ಬಲಕ್ಕೆ ನೋಡುವ ನವಿಲು! ಕೊಂಡು, ಶಲ್ಯದಲ್ಲಿ ಸುತ್ತಿ ಟಾಂಗಾ ಹತ್ತಿದೆ. ಉಣಕಲ್ ಕೆರೆ ದಾಟುವ ತನಕ ನೆಟ್ಟಗೆ ಹುಸೇನನ ಮನೆಗೇ ಹೋಗುವವನಿದ್ದೆ. ಆಮೇಲೆ — ಒಂದು ದಿನ ಇಟ್ಟುಕೊಂಡು, ಕಣ್ತುಂಬ ನೋಡಿ, ನಾಳೆ ಕೊಟ್ಟರಾಯಿತು ಅನ್ನಿಸಿತು. ಆ ನಾಳೆ ಬರಲೇ ಇಲ್ಲ. ಗುಲಾಬದಾನಿ ನನ್ನ ಟ್ರಂಕಿನಲ್ಲಿ, ನಮ್ಮದೇ ಅಂಗಡಿಯ ಅರಳೆಯ ನಡುವೆ ಬೆಚ್ಚಗೆ ಮಲಗಿತು.

ಕೆಲವು ದಿನಗಳ ಮೇಲೆ ಹುಸೇನನ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೂಡಿಸಿಕೊಂಡರು. ಆಗ ಅವರ ಕಣ್ಣು ಚೆನ್ನಾಗಿದ್ದವು. ಸೂಜಿಗೆ ತಾವೇ ದಾರ ಪೋಣಿಸುತ್ತಿದ್ದರು.

"ನೀ ಊರೂರು ತಿರಗತಿ. ಆ ಇನ್ನೊಂದು ಎಲ್ಲೆರ ಕಂಡ್ರ ಹೇಳಪಾ. ಎರಡೂ ಕೂಡಿದ್ದನ್ನ ಮತ್ತೊಮ್ಮೆ ನೋಡಬೇಕು ಅನಸತೈತಿ."

"ಕಂಡ್ರ ಮೊದಲ ನಿಮಗ ಹೇಳ್ತೇನ್ರಿ, ಅಮ್ಮಾ," ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ವರ್ಷಗಳು ಹೋದವು. ಅಮ್ಮನ ಕಣ್ಣಿಗೆ ಪೊರೆ ಬಂತು, ಕೊನೆಗೆ ಬೆಳಕು ಮಾತ್ರ ಉಳಿಯಿತು. ನಾನು ಮಾತ್ರ ಬಾಗಿಲು ಹಾಕಿಕೊಂಡು ಟ್ರಂಕು ತೆರೆದು ನೋಡುತ್ತಲೇ ಇದ್ದೆ. ಹುಸೇನನ ಮಗಳ ಮದುವೆ ಗೊತ್ತಾದಾಗ ಇನ್ನು ತಡೆಯಲಾಗಲಿಲ್ಲ. ಮದುವೆಯ ದಿನ ಗುಲಾಬದಾನಿಯನ್ನು ಒಯ್ದು ಅವನ ಕೈಗಿಟ್ಟೆ. ನಿಜ ಹೇಳಲೆಂದೇ ಹೋಗಿದ್ದೆ — ಆದರೆ ಬಾಯಿಂದ ಬಂದದ್ದು, "ನಿನ್ನೆ ಧಾರವಾಡದಾಗ ಸಿಕ್ತು."

ಹುಸೇನ ನನ್ನನ್ನು ತಬ್ಬಿಕೊಂಡು ಅತ್ತ. ಬಂದವರಿಗೆಲ್ಲ ಗುಲಾಬಿನೀರು ಚಿಮುಕಿಸುತ್ತ, ಇದನ್ನು ಹುಡುಕಲು ನಾನು ಎಷ್ಟು ಅಲೆದೆನೆಂದು ಬಣ್ಣಿಸಿದ. ಅಮ್ಮ ಎರಡನ್ನೂ ಬೆರಳಿನಿಂದ ತಡವಿ, "ಕಣ್ಣಿದ್ದಾಗ ಸಿಕ್ಕಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಆ ಅರ್ಧ ಮಾತು ನನ್ನನ್ನು ಬಿಡಲಿಲ್ಲ.

ಹೋದ ತಿಂಗಳು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹುಸೇನ ಹೊಸ ಬೀಗರೊಬ್ಬರಿಗೆ ನನ್ನನ್ನು ತೋರಿಸಿ ಮತ್ತೆ ಅದೇ ಕಥೆ ಶುರು ಮಾಡಿದ. ಚಹಾದ ಬಟ್ಟಲು ಕೆಳಗಿಟ್ಟೆ. ಬೀಗರು ಎದ್ದು ಹೋದ ಮೇಲೆ, ಅಮ್ಮನ ಎದುರಿಗೇ, ಎಲ್ಲವನ್ನೂ ಹೇಳಿಬಿಟ್ಟೆ — ಟ್ರಂಕು, ಅರಳೆ, ಸುಳ್ಳು, ಎಲ್ಲ. ಹೇಳಿದ ಕೂಡಲೇ ಎದೆ ಎಷ್ಟು ಹಗುರಾಯಿತೆಂದರೆ, ಹಾಗೆ ಹಗುರಾದದ್ದಕ್ಕೇ ನಾಚಿಕೆಯಾಯಿತು.

"ನಾ ಊರ ತುಂಬ ನಿನ್ನ ಹೆಸರ ಹೇಳಕೋತ ತಿರಗಿದ್ನಲ್ಲೋ," ಎಂದ ಹುಸೇನ. ಎದ್ದು ಹೋಗಿ, ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತ.

ಅಮ್ಮ ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಹೇಳಿದರು: "ಇಷ್ಟು ವರ್ಷ ನನ್ನ ಪಾಲಿಂದೂ ನೀನ ನೋಡಿದಿ. ಈಗ ಎರಡೂ ತಂದ ಮುಂದ ಇಡು. ಹೆಂಗ ಕಾಣತಾವ ಹೇಳು."

ಗೋಡೆಯ ಗೂಡಿನಿಂದ ಎರಡನ್ನೂ ತಂದು ಅವರ ಮುಂದಿಟ್ಟೆ. ಕಣ್ಣು ಮಂಜಾಗಿದ್ದವು. ಕೊರಳಿನ ಹಸಿರು ಬಳ್ಳಿ ಹೇಳಿದೆ, ದಾಳಿಂಬೆಯ ಕೆಂಪು ಹೂ ಹೇಳಿದೆ, ಗರಿಯ ತುದಿಯ ಹಳದಿ ಚುಕ್ಕೆ ಹೇಳಿದೆ. ಅಮ್ಮ ತಲೆ ಆಡಿಸುತ್ತ ಕೇಳಿದರು. "ನವಿಲು ಎರಡೂ ಎದರಬದರ ನೋಡಾಕತ್ತಾವ್ರಿ, ಅಮ್ಮಾ," ಎಂದೆ.

"ಇನ್ನೂ ಸುಳ್ಳ ಹೇಳ್ತಿಯೇನಲೇ?" ಬಾಗಿಲಿಂದ ದನಿ ಬಂತು. ಹುಸೇನ ಯಾವಾಗ ಇತ್ತ ತಿರುಗಿದ್ದನೋ. "ಬೆನ್ನಿಗೆ ಬೆನ್ನ ಹಚ್ಚಿ ಇಟ್ಟೀಯಲ್ಲ. ನೆಟ್ಟಗ ಇಡು."

ನೋಡಿದೆ. ಅವನೆಂದದ್ದು ನಿಜ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಟ್ಟು, ಅಮ್ಮನಿಗೆ ಮೊದಲಿನಿಂದ ಹೇಳತೊಡಗಿದೆ.