ತಾವ್ ಅಜ್ಜಿಯ ಔಷಧಿ ಮಡಕೆ

ನಮ್ಮ ಓಣಿಗೆಲ್ಲ ಔಷಧಿ ಕುದಿಸುವ ಮಡಕೆ ಇದ್ದದ್ದು ಒಂದೇ, ತಾವ್ ಅಜ್ಜಿಯದು. ತಲೆನೋವು, ತಲೆಸುತ್ತು ಅಂತ ಯಾರೇ ಹೋದರೂ ಮೊದಲು ಬೈಯುತ್ತಿದ್ದಳು, ಆಮೇಲೆ ತಿಯೆನ್‌ಮಾ ಗೆಡ್ಡೆಯ ಒಣ ಬಿಲ್ಲೆಗಳನ್ನೂ ಮಡಕೆಯನ್ನೂ ಕೊಡುತ್ತಿದ್ದಳು. ಎಪ್ಪತ್ತು ದಾಟಿದರೂ ಗುಡ್ಡ ಹತ್ತಿ ಗೆಡ್ಡೆ ಅಗೆದು ತರುವವಳು ಅವಳೇ. ಸಂತೆಯಲ್ಲೊಬ್ಬ ಒಣಗಿಸಿದ ಆಲೂಗಡ್ಡೆಯನ್ನು ತಿಯೆನ್‌ಮಾ ಅಂತ ಮಾರುತ್ತಿದ್ದಾಗ, ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಇದನ್ನ ಸಾರಿಗೆ ಹಾಕ್ಕೊಳಪ್ಪಾ" ಅಂದಿದ್ದಳು.

ನಾನು ದೂರದ ಪೇಟೆಯಿಂದ ಮದುವೆಯಾಗಿ ಬಂದ ಹೊಸತು. ಅತ್ತೆಗೆ ತಲೆಸುತ್ತು ಹಿಡಿಯಿತು. ಒಂಬತ್ತು ದಿನ ಅಜ್ಜಿಯ ಮಡಕೆಯಲ್ಲಿ ಕುದಿಸಿ ಕುಡಿಸಿದ ಮೇಲೆ ಓಡಾಡುವಂತಾದರು. ನಾನು ಮಹಾ ಜಾಣೆಯಂತೆ ಮಡಕೆಯನ್ನು ಬೂದಿ ಹಾಕಿ ತಿಕ್ಕಿ, ಅಜ್ಜಿಯ ಬಾಗಿಲಿಗೇ ಒಯ್ದು ಕೊಟ್ಟೆ. ಇಲ್ಲಿ ಔಷಧಿ ಮಡಕೆಯನ್ನು ಯಾರೂ ವಾಪಸ್ ಕೊಡುವುದಿಲ್ಲ, ಬೇಕಾದಾಗ ಅದರ ಒಡತಿಯೇ ಬಂದು ಒಯ್ಯಬೇಕು. ತಂದು ಕೊಟ್ಟರೆ ಕಾಯಿಲೆಯನ್ನೇ ತಂದು ಕೊಟ್ಟಂತೆ. ನನಗೇನು ಗೊತ್ತು? ಅಜ್ಜಿ ಎರಡೂ ಕೈ ಚಾಚಿ ತೆಗೆದುಕೊಂಡಳು.

ಐದನೆಯ ದಿನ ಅಜ್ಜಿ ತಲೆ ತಿರುಗಿ ಬಾವಿಕಟ್ಟೆಯ ಹತ್ತಿರ ಬಿದ್ದಳು.

"ರೋಗ ಹೊತ್ಕೊಂಡು ಹೋಗಿ ಮುದುಕಿ ಬಾಗಿಲಿಗೆ ಹಾಕಿದ್ಲಲ್ಲೇ ಇವಳು!" ಅಂತ ಓಣಿಗೆ ಓಣಿಯೇ ನನ್ನ ಮೇಲೆ ತಿರುಗಿಬಿತ್ತು. ಅತ್ತೆ ಕೂಡ, "ಅಜ್ಜಿಗೇನಾದ್ರೂ ಆದ್ರೆ ನೀನು ತವರಿಗೆ ನಡಿ" ಅಂದುಬಿಟ್ಟರು. ಅಳುತ್ತಲೇ ಅಜ್ಜಿಯ ಮನೆಗೆ ಓಡಿದೆ. ಹಿಂದೆಯೇ ಹೆಂಗಸರ ಹಿಂಡು.

ಅಜ್ಜಿ ಮಲಗಿದಲ್ಲಿಂದಲೇ ಗದರಿದಳು. "ಏನ್ರೇ ಗಲಾಟೆ? ಮೊದಲೇ ತಲೆ ಬುಗುರಿ ಆಗಿದೆ!"

"ಇವಳು ಮಡಕೆ ವಾಪಸ್ ತಂದಳಲ್ಲಜ್ಜಿ..." ಅಂದಳು ಒಬ್ಬಳು.

"ಯಾವ ವಾಪಸ್ಸು? ನನಗೆ ವಯಸ್ಸಾಯ್ತು, ಇನ್ನು ನೀನೇ ಇಟ್ಕೋ ಅಂತ, ಅತ್ತೆಗೆ ಔಷಧಿ ಕುದಿಸೋಕೆ ಒಯ್ದ ದಿನವೇ ಇವಳಿಗೆ ಕೊಟ್ಟುಬಿಟ್ಟಿದ್ದೆ. ಅದು ಇವಳ ಮಡಕೆ. ನನಗೆ ಎರವಲು ಕೊಟ್ಟಿದಾಳೆ, ಅಷ್ಟೇ. ಹೋಗ್ರೇ, ಹೋಗಿ ನಿಮ್ಮ ಒಲೆ ನೋಡ್ಕೊಳ್ಳಿ."

ಹಸಿ ಸುಳ್ಳು! ಕಣ್ಣು ತೆರೆಯಲಾಗದೆ ಮಲಗಿದ್ದವಳು ನನ್ನ ಬಾಳು ಉಳಿಸಲು ಹೇಳಿದ ಸುಳ್ಳು. ಅಂಥ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಹತ್ತು ದಿನ ಅಲ್ಲೇ ಕೂತು ತಿಯೆನ್‌ಮಾ ಕುದಿಸಿ ಕುಡಿಸಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಓಣಿಗೆಲ್ಲ ಕೇಳುವಂತೆ ಅಜ್ಜಿಯ ದನಿ ಬಂತು. "ಏ ಹುಡುಗಿ, ನನ್ನ ತಲೆ ನೆಟ್ಟಗಾಯ್ತು! ನಿನ್ನ ಮಡಕೆ ನೀನೇ ಬಂದು ತಗೊಂಡು ಹೋಗು. ನಾನಂತೂ ತಂದ್ಕೊಡಲ್ಲ!"

ಎಲ್ಲರೂ ನೋಡುತ್ತಿದ್ದ ಹಾಗೆ ಹೋಗಿ ತಂದೆ. ಈಗ ಅಜ್ಜಿ ಇಲ್ಲ. ತಲೆಸುತ್ತು ಅಂತ ಬರುವವರು ನನ್ನ ಬಾಗಿಲಿಗೇ ಬರುತ್ತಾರೆ. ಮೊದಲು ಬೈಯುತ್ತೇನೆ, ಆಮೇಲೆ ಮಡಕೆ ಕೊಡುತ್ತೇನೆ.