ಅಂದಾನೆಪ್ಪನ ರಾ ಫೈಲು

ಮುಂಡಗೋಡದ ಫೋಟೊಗ್ರಾಫರ್ ಅಂದಾನೆಪ್ಪ ಶಾಲಾ ಕ್ರೀಡಾಕೂಟದ ಮೈದಾನಕ್ಕೆ ಕಾಲಿಟ್ಟನೆಂದರೆ ಗೆದ್ದವರ ಫೋಟೊ ಬರುವುದಿಲ್ಲವೆಂಬುದು ಪಿ.ಟಿ. ಮಾಸ್ತರ ಜುಬೇರನಿಗೆ ಖಾತ್ರಿ. "ಜೆಪೆಗ್ ಅಂದ್ರ ಫೋಟೊ ಹಿಂಡಿ ಸಣ್ಣದು ಮಾಡಿದ್ದು, ನೀರು ಬೆರೆಸಿದ ಹಾಲ್ರೀ. ನಂದೇನಿದ್ರೂ ಕ್ಯಾಮೆರಾ ಕಂಡಿದ್ದೆಲ್ಲಾ ಹಂಗ ಇಡೂ ಗಟ್ಟಿ ರಾ ಫೈಲ್" ಎಂದು ಉಪದೇಶ ಕೊಟ್ಟು, ಓಟಗಾರರು ಕೊನೆಯ ತಿರುವಿಗೆ ಬಂದೊಡನೆ ಪಟಾಕಿ ಸರ ಹಚ್ಚಿದಂತೆ ಫೋಟೊ ಹೊಡೆಯತೊಡಗುತ್ತಾನೆ. ಅಷ್ಟು ಭಾರದ ಫೈಲುಗಳನ್ನು ನುಂಗಲಾರದೆ ಅವನ ಹಳೆಯ ಕ್ಯಾಮೆರಾ, ಮೊದಲಿಗ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಉಸಿರು ಕಟ್ಟಿಕೊಂಡು ನಿಲ್ಲುತ್ತದೆ. ಗೆದ್ದವರು ನೀರು ಕುಡಿದು, ಮೊಬೈಲುಗಳೆದುರು ಹಲ್ಲು ಕಿರಿದು, ಬಹುಮಾನದ ಪೆಂಡಾಲಿಗೆ ಹೋದ ಮೇಲೆ ಅದಕ್ಕೆ ಮತ್ತೆ ಜೀವ. ಆಗ ಸಿಕ್ಕವರ ಬೆವರಿನ ಹನಿಹನಿಯೂ ಫೋಟೊದಲ್ಲಿ ಸ್ಪಷ್ಟ. ಅವರು ಕೊನೆಯವರು ಎಂಬುದೊಂದೇ ಕೊರತೆ. "ಮದುವ್ಯಾಗ ಜೆಪೆಗ್ ಹೊಡಿತೀರಿ, ಇಲ್ಲ್ಯಾಕ್ರೀ ಈ ಮಡಿ?" ಎಂದು ಜುಬೇರ ರೇಗಿದರೆ, "ಮದುವ್ಯಾಗ ಯಾರ್ ಓಡ್ತಾರ್ರೀ?" ಎಂದು ಲೆನ್ಸು ಒರೆಸುತ್ತಾನೆ. ಮೊನ್ನೆ ಜುಬೇರ ಚಿಗಳ್ಳಿ ಎಂಬ ಹಳ್ಳಿಗೆ ಹೋದಾಗ, ಓಟದಲ್ಲಿ ಪ್ರತಿ ಸಲವೂ ಕೊನೆಗೆ ಬರುವ ವಿದ್ಯಾರ್ಥಿನಿ ಶಿವಗಂಗಾಳ ಮನೆಯ ಗೋಡೆಯ ಮೇಲೆ, ಅವಳು ಗೆರೆ ಮುಟ್ಟುತ್ತಿರುವ ಫೋಟೊ ಕಂಡ. ಬಾಗಿಲಿನಷ್ಟು ದೊಡ್ಡದು, ಆದರೂ ಒಂದು ಕೂದಲೂ ಮಸುಕಾಗಿರಲಿಲ್ಲ. ಅವಳ ಅಜ್ಜಿ ಮುದಕವ್ವ ಚಹಾ ಕೊಡುತ್ತಾ ಅಂದಳು: "ನಮ್ಮ ಹುಡುಗಿ ಗೆರಿ ಮುಟ್ಟೂತನಕ ಅಲ್ಲಿ ನಿಂತಿದ್ದವ್ರು ಅಂದಾನೆಪ್ಪ ಒಬ್ಬರ ಅಂತ್ರೀ ಮಾಸ್ತರ. ನೀವೆಲ್ಲಾ ಎತ್ತಾಗ ಹೋಗಿದ್ರಿ?"